ತಾಳೆ ನೋಡುವ ಪೆಟ್ಟಿಗೆ

ಲೆಕ್ಕ ಮಾಡುವುದು ಒಂದು ವಿದ್ಯೆ. ಮಾಡಿದ ಲೆಕ್ಕವನ್ನು ತಾಳೆ ನೋಡುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಶಾಲೆಯಲ್ಲಿ ಕಲಿಸುತ್ತಾರೆ. ಎರಡನೆಯದನ್ನು ಕಚೇರಿಯಲ್ಲಿ ಕಲಿಯಬೇಕು. ಅಲ್ಲಿಯೂ ಎಲ್ಲರೂ ಕಲಿಯುತ್ತಾರೆಂದು ಹೇಳುವಂತಿಲ್ಲ. ಕಡತದ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆ ಬಿದ್ದು ಕೆಳಗೆ ಮೂರು ಸಹಿಗಳಾಗಿದ್ದರೆ, ಮೂವರು ಓದಿದ್ದಾರೆಂದು ಹೊರಗಿನವರು ನಂಬುತ್ತಾರೆ. ಕೆಳಗಿನವನು, ಮೇಲಿನವರು ಹೇಗೂ ನೋಡುತ್ತಾರೆಂದು ಸಹಿ ಮಾಡಿರುತ್ತಾನೆ. ಮೇಲಿನವರು, ಕೆಳಗಿನವನು ನೋಡಿಯೇ ಕಳಿಸಿರುತ್ತಾನೆಂದು ಸಹಿ ಮಾಡಿರುತ್ತಾರೆ. ನಡುವಿನವರಿಗೆ ಎರಡೂ ಕಡೆಯ ಧೈರ್ಯ. ಗುಮಾಸ್ತಗಿರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ, ಗಣಕಯಂತ್ರದ ಪ್ರೋಗ್ರಾಮೊಂದು ಸರಿಯಾಗಿದೆಯೆ ಇಲ್ಲವೆ ಎಂಬುದನ್ನು ಗಣಿತದ ಸಾಧನೆಯಿಂದಲೇ ತೀರ್ಮಾನಿಸುವ ಸಲಕರಣೆಗಳಿವೆ ಎಂದು ಕೇಳಿದಾಗ ನನಗೆ ಕುತೂಹಲವೂ ಆಯಿತು, ಸ್ವಲ್ಪ ಅನುಮಾನವೂ ಆಯಿತು. ಇದಕ್ಕೆ ‘ಫಾರ್ಮಲ್ ವೆರಿಫಿಕೇಶನ್’ ಎಂದು ಹೆಸರು. ನಾವು ‘ಗಣಿತದ ತಾಳೆ’ ಎಂದು ಕರೆದರೆ ತಪ್ಪಾಗದು. ದೊಡ್ಡ ದೊಡ್ಡ ಕಂಪನಿಗಳ ಸೊತ್ತೆಂದು ತಿಳಿದಿದ್ದ ಈ ವಿದ್ಯೆ ನಮ್ಮ ಸಂಘದ ನಲವತ್ತು ಮಕ್ಕಳ ವಿದ್ಯಾರ್ಥಿವೇತನದ ಪಟ್ಟಿಗೆ ಉಪಯೋಗಕ್ಕೆ ಬಂದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಸದಸ್ಯರಿಗೆ ತಿಳಿದಿರುವಂತೆ ಪ್ರತಿವರ್ಷ ದತ್ತಿನಿಧಿಯಿಂದ ಬಂದ ಹಣವನ್ನು, 60ಕ್ಕೆ ಕಡಿಮೆಯಿಲ್ಲದೆ ಶೇಕಡಾವಾರು ಅಂಕ ಪಡೆದ ಮಕ್ಕಳಿಗೆ ಅವರವರ ಅಂಕಕ್ಕೆ ತಕ್ಕ ಪ್ರಮಾಣದಲ್ಲಿ ಹಂಚುತ್ತೇವೆ. ಹಂಚುವ ಲೆಕ್ಕಕ್ಕೆ ಒಂದು ಚಿಕ್ಕ ಪ್ರೋಗ್ರಾಮು ಇದೆ. ಹಲವು ವರ್ಷಗಳ ಹಿಂದೆ ನಮ್ಮವನೇ ಆದ ವಿದ್ಯಾರ್ಥಿಯೊಬ್ಬ ಸಿ ಭಾಷೆಯಲ್ಲಿ ಬರೆದುಕೊಟ್ಟದ್ದು. ಹಣವನ್ನು ಪೈಸೆಗೆ ತಿರುಗಿಸಿ, ಮಗುವಿನ ಅಂಕದಿಂದ ಗುಣಿಸಿ, ಎಲ್ಲರ ಅಂಕಗಳ ಮೊತ್ತದಿಂದ ಭಾಗಿಸುತ್ತದೆ. ಭಾಗಾಕಾರದಲ್ಲಿ ಉಳಿದ ಚಿಲ್ಲರೆ ಪೈಸೆಗಳನ್ನು ಪಟ್ಟಿಯ ಕೊನೆಯ ಹೆಸರಿಗೆ ಸೇರಿಸುತ್ತದೆ. ಪ್ರತಿವರ್ಷ ಸುಮಾರು 40 ಸಾವಿರ ರೂಪಾಯಿ ಹಂಚುತ್ತಿದ್ದಾಗ ಅದು ಒಮ್ಮೆಯೂ ತಪ್ಪಿದ್ದಿಲ್ಲ. ಈ ವರ್ಷ ದಿವಂಗತ ಸದಸ್ಯರೊಬ್ಬರ ಮನೆಯವರು ದೊಡ್ಡ ದತ್ತಿಯನ್ನು ಕೊಟ್ಟುದರಿಂದ ಹಂಚಬೇಕಾದ ಮೊತ್ತ 3 ಲಕ್ಷಕ್ಕೆ ಏರಿತು. ಒಂದು ಮನೆಯಲ್ಲಿ ಮಗಳ ಕಾಲೇಜಿನ ಶುಲ್ಕಕ್ಕೆ ಈ ಹಣವನ್ನೇ ನೆಚ್ಚಿಕೊಂಡಿದ್ದಾರೆಂದು ನನಗೆ ಗೊತ್ತಿತ್ತು. ಇಂಥ ಮನೆಗಳು ಇನ್ನೂ ಇದ್ದಾವು. ಚೆಕ್ ಬರೆಯುವ ಮುಂಚೆ ಒಮ್ಮೆ ಸರಿಯಾಗಿ ತಾಳೆ ನೋಡೋಣವೆಂದು ಸಮಿತಿ ತೀರ್ಮಾನಿಸಿತು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ಮಗಳು, “ಅಪ್ಪ, ಸುಮ್ಮನೆ ನಾಲ್ಕು ಸಲ ಓಡಿಸಿ ನೋಡೋದಲ್ಲ, ಸಾಧಿಸೇ ಬಿಡೋಣ” ಎಂದಳು.

ನಾಲ್ಕು ಸಲ ಓಡಿಸಿ ನೋಡುವುದಕ್ಕೂ ಸಾಧಿಸುವುದಕ್ಕೂ ಇರುವ ಅಂತರವನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ನಲವತ್ತು ಮಕ್ಕಳಿರಲಿ, ನಾಲ್ಕೇ ಮಕ್ಕಳೆನ್ನಿ. ಒಬ್ಬೊಬ್ಬರ ಅಂಕ 60ರಿಂದ 100ರವರೆಗೆ, ಅಂದರೆ 41 ಬಗೆ. ನಾಲ್ವರಿಗೆ 28,25,761 ಬಗೆ. ಹಂಚುವ ಹಣ 1 ಪೈಸೆಯಿಂದ 3 ಲಕ್ಷ ರೂಪಾಯಿಯವರೆಗೆ ಎಷ್ಟಾದರೂ ಇರಬಹುದಾದರೆ ಅದು 3 ಕೋಟಿ ಬಗೆ. ಇವೆರಡನ್ನೂ ಗುಣಿಸಿ, ಸೆಕೆಂಡಿಗೆ ಹತ್ತು ಲಕ್ಷ ಲೆಕ್ಕಗಳಂತೆ ಒಂದೊಂದನ್ನೇ ಓಡಿಸಿ ನೋಡಿದರೂ ಮುಗಿಯಲು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರಿರುತ್ತಾರೆ.

ಗಣಿತದ ತಾಳೆ ಹೀಗೆ ಒಂದೊಂದನ್ನೇ ಎಣಿಸುವುದಿಲ್ಲ. ಕಾಲೇಜಿನಲ್ಲಿ ನಾವು ‘ಹಾಗಲ್ಲವೆಂದು ಊಹಿಸಿ’ ಎಂದು ಆರಂಭಿಸಿ, ಕೊನೆಗೆ ವಿರೋಧ ಬಂತೆಂದು ತೋರಿಸಿ ಪ್ರಮೇಯಗಳನ್ನು ಸಾಧಿಸುತ್ತಿದ್ದೆವಲ್ಲ, ಅದೇ ದಾರಿ. ಪ್ರೋಗ್ರಾಮನ್ನೂ, ‘ಪಾಲುಗಳ ಮೊತ್ತ ಹಣಕ್ಕೆ ಸಮ’ ಎಂಬಂಥ ನಮ್ಮ ಹೇಳಿಕೆಯನ್ನೂ ಒಟ್ಟಿಗೆ ಸೇರಿಸಿ, ಹೌದು-ಅಲ್ಲಗಳ ಒಂದು ಭಾರಿ ತರ್ಕವಾಕ್ಯವನ್ನಾಗಿ ಮಾಡುತ್ತದೆ. ಆಮೇಲೆ ಈ ಹೇಳಿಕೆಯನ್ನು ಸುಳ್ಳು ಮಾಡುವ ಒಂದೇ ಒಂದು ಉದಾಹರಣೆ ಎಲ್ಲಿಯಾದರೂ ಇದೆಯೆ ಎಂದು ಹುಡುಕುತ್ತದೆ. ಇದ್ದರೆ ಆ ಸಂಖ್ಯೆಗಳನ್ನೇ ಮುಂದಿಡುತ್ತದೆ. ಇಲ್ಲವೆಂದು ಸಿದ್ಧವಾದರೆ, ಇಲ್ಲ ಎನ್ನುತ್ತದೆ. ಈ ರೀತಿಯ ಶೋಧನೆಗೆ ‘ಮಾಡೆಲ್ ಚೆಕಿಂಗ್’ ಎನ್ನುತ್ತಾರೆ. ಇದನ್ನು ಬೆಳೆಸಿದ್ದಕ್ಕಾಗಿ ಎಡ್ಮಂಡ್ ಕ್ಲಾರ್ಕ್, ಅಲೆನ್ ಎಮರ್ಸನ್, ಜೋಸೆಫ್ ಸಿಫಾಕಿಸ್ ಎಂಬ ಮೂವರಿಗೆ 2007ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂದಿತು. ನನ್ನ ಮಗಳು ಉಪಯೋಗಿಸಿದ ಸಲಕರಣೆಯ ಹೆಸರು ಸಿಬಿಎಂಸಿ. ಸಿ ಭಾಷೆಯ ಪ್ರೋಗ್ರಾಮುಗಳಿಗೆಂದೇ ಇರುವ ಇದರ ಹುಟ್ಟಿನಲ್ಲಿ ಆ ಕ್ಲಾರ್ಕ್ ಮಹಾಶಯರ ಕೈಯೂ ಇದೆ. ಹಣ ಕೊಟ್ಟು ಕೊಳ್ಳಬೇಕಾದುದಲ್ಲ. ಯಾರು ಬೇಕಾದರೂ ಪಡೆಯಬಹುದು.

ಪಡೆಯುವುದು ಸುಲಭ, ಓಡಿಸುವುದು ಕಷ್ಟ. ಅದಕ್ಕೆ ಬೇಕಾದ ಇತರ ಸಾಮಗ್ರಿಗಳು ಇಂಥ ಆವೃತ್ತಿಯವೇ ಆಗಿರಬೇಕು. ಒಂದು ಯಂತ್ರದಲ್ಲಿ ನಡೆದದ್ದು ಪಕ್ಕದ ಯಂತ್ರದಲ್ಲಿ ನಡೆಯದೆ ಹೋಗಬಹುದು. ಊರು ಬಿಟ್ಟು ಬಂದ ನಮಗೆ ಈ ಕಷ್ಟ ಹೊಸದೇನಲ್ಲ. ತಾಯಿ ಊರಿನಿಂದ ಸಾರಿನ ಪುಡಿ ಕಳಿಸುತ್ತಾಳೆ, ಬೇಳೆಯೂ ಅಲ್ಲಿಯದೇ, ಅಳತೆಯನ್ನೂ ಫೋನಿನಲ್ಲಿ ಹೇಳುತ್ತಾಳೆ. ಆದರೂ ಇಲ್ಲಿ ಮಾಡಿದ ಸಾರು ಅಲ್ಲಿಯ ಸಾರಾಗುವುದಿಲ್ಲ. ನೀರು ಬೇರೆ, ಪಾತ್ರೆ ಬೇರೆ. ಪುಡಿಯ ಜೊತೆಗೆ ಬೇಳೆ, ಪಾತ್ರೆ, ನೀರು, ಸೌಟು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಕಳಿಸುವಂತಿದ್ದರೆ? ಗಣಕಯಂತ್ರದವರು ಅದನ್ನೇ ಮಾಡಿದ್ದಾರೆ. ಅದಕ್ಕೆ ಕಂಟೇನರ್ ಎಂದು ಹೆಸರು.

ಹೆಸರು ಬಂದದ್ದು ಹಡಗಿನ ಪೆಟ್ಟಿಗೆಯಿಂದ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ‘ಐಡಿಯಲ್-ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಸಾಗಿಸಿದ. ಒಳಗೆ ಏನಿದ್ದರೂ ಹೊರಗಿನ ಅಳತೆ ಒಂದೇ ಆದುದರಿಂದ, ಅದೇ ಪೆಟ್ಟಿಗೆ ಬಿಚ್ಚದೆಯೇ ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಹೋಗಬಲ್ಲದು. 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿಗೆ ಹೋಗುವ ಲಾರಿಗಳ ಸಾಲಿನ ಹಿಂದೆ ಬಸ್ಸಿನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಈ ಪೆಟ್ಟಿಗೆಗಳ ಪರಿಚಯ ಚೆನ್ನಾಗಿಯೇ ಇದೆ. 2013ರ ಮಾರ್ಚಿಯಲ್ಲಿ ಹೊರಬಂದ ಡಾಕರ್ ಎಂಬ ಸಲಕರಣೆ ಇದೇ ಪದ್ಧತಿಯನ್ನು ಸಾಫ್ಟ್‌ವೇರಿಗೆ ತಂದು ಮನೆಮನೆಗೆ ಮುಟ್ಟಿಸಿತು.

ಕಂಟೇನರ್ ಎಂದರೆ ಬೇರೆ ಯಂತ್ರವೇ ಎಂದು ತಿಳಿಯಬಾರದು. ಬೇರೆ ಯಂತ್ರವೆಂದರೆ ಬೇರೆ ಬಂಗಲೆ ಇದ್ದಂತೆ. ಇದು ನಮ್ಮ ಚಾಳಿನ ಖೋಲಿ. ಬಾಗಿಲು ಬೇರೆ, ಬೀಗ ಬೇರೆ. ಒಳಗಿನವರಿಗೆ ಪಕ್ಕದ ಖೋಲಿಯಲ್ಲಿ ಏನಿದೆಯೆಂದು ಕಾಣದು. ಆದರೆ ನೀರಿನ ಟಾಂಕಿ ಎಲ್ಲರಿಗೂ ಒಂದೇ. ಆ ಟಾಂಕಿಯ ಜಾಗದಲ್ಲಿರುವುದು ಲಿನಕ್ಸಿನ ಕರ್ನೆಲ್. ಯಾರಿಗೆ ಏನು ಕಾಣಬೇಕು, ಯಾರು ಎಷ್ಟು ಬಳಸಬಹುದು ಎಂದು ಕಟ್ಟುಪಾಡು ಮಾಡುವುದೂ ಅದೇ. ನಮ್ಮ ಮನೆಯ ವಿಂಡೋಸ್ ಯಂತ್ರದಲ್ಲಾದರೆ ಡಾಕರ್ ಮೊದಲು ಒಂದು ಪುಟ್ಟ ಲಿನಕ್ಸ್ ಯಂತ್ರವನ್ನು ಒಳಗೆ ಎಬ್ಬಿಸಿ, ಅದರಲ್ಲಿ ಖೋಲಿಗಳನ್ನು ಕಟ್ಟುತ್ತದೆ.

ಮಗಳು ಮಾಡಿದ ಏರ್ಪಾಡಿನಲ್ಲಿ ಮೂರು ಸಂಗತಿಗಳು ನನಗೆ ಬಹಳ ಹಿಡಿಸಿದವು. ಮೊದಲನೆಯದು: ಪೆಟ್ಟಿಗೆಯೊಳಗಿನ ಸಲಕರಣೆಗೆ ನಮ್ಮ ಪ್ರೋಗ್ರಾಮಿರುವ ಕಡತಕೋಶವನ್ನು ಓದಲು ಮಾತ್ರ ಕೊಟ್ಟಳು, ತಿದ್ದಲು ಕೊಡಲಿಲ್ಲ. ಲೆಕ್ಕ ತನಿಖೆಗೆ ಬಂದವನ ಕೈಗೆ ಪೆನ್ನು ಕೊಡಬಾರದೆಂಬುದು ನಮ್ಮ ಕಚೇರಿಯ ಹಳೆಯ ನೀತಿ. ಎರಡನೆಯದು: ಹೊರಗಿನ ಜಾಲದ ಸಂಪರ್ಕವನ್ನು ಕಡಿದಳು, ಮಕ್ಕಳ ಹೆಸರು ಅಂಕಗಳು ಎಲ್ಲಿಗೂ ಹೋಗಬೇಕಾದ ಕಾರಣವಿಲ್ಲ. ಮೂರನೆಯದು: ಇಂಥ ಪೆಟ್ಟಿಗೆಗಳಿಗೆ ‘ಲೇಟೆಸ್ಟ್’ ಎಂಬ ಚೀಟಿ ಇರುತ್ತದೆ. ಇವತ್ತಿನ ‘ಲೇಟೆಸ್ಟ್’ ನಾಳೆಗೆ ಬೇರೆಯಾಗಬಹುದು. ಅದನ್ನು ನಂಬದೆ, ಒಳಗಿನ ವಸ್ತುಗಳಿಂದಲೇ ಲೆಕ್ಕ ಹಾಕಿ ಬರುವ 64 ಅಕ್ಷರಾಂಕಗಳ ಗುರುತನ್ನು ಬರೆದಿಟ್ಟಳು. ಒಳಗೆ ಒಂದು ಚುಕ್ಕೆ ಬದಲಾದರೂ ಆ ಗುರುತು ಬದಲಾಗುತ್ತದೆ. ‘ಈಚಿನ ಸುತ್ತೋಲೆಯ ಪ್ರಕಾರ’ ಎಂದು ಬರೆಯುವ ಬದಲು ಸುತ್ತೋಲೆಯ ಸಂಖ್ಯೆ, ತಾರೀಖು ನಮೂದಿಸಿದಂತೆ. ಅದೇ ಗುರುತಿನ ಪೆಟ್ಟಿಗೆಯನ್ನು ಹುಬ್ಬಳ್ಳಿಯಲ್ಲಿರುವ ಅವಳ ಗೆಳತಿಯೂ ತನ್ನ ಯಂತ್ರದಲ್ಲಿ ಓಡಿಸಿದಳು. ಎರಡೂ ಕಡೆ ಒಂದೇ ಉತ್ತರ ಬಂದಿತು.

ಮೊದಲ ದಿನ ಉಳಿದ ತಪಾಸಣೆಗಳನ್ನು ಬದಿಗಿಟ್ಟು ಒಂದೇ ಹೇಳಿಕೆ ಕೊಟ್ಟಳು: ಎಲ್ಲರ ಪಾಲುಗಳ ಮೊತ್ತ, ಹಂಚಬೇಕಾದ ಹಣಕ್ಕೆ ಸಮವಾಗಿರಬೇಕು. ಕ್ಷಣದಲ್ಲಿ ‘ವೆರಿಫಿಕೇಶನ್ ಸಕ್ಸೆಸ್‌ಫುಲ್’ ಎಂಬ ಉತ್ತರ ಬಂತು. ನೋಡಲು ಬಂದಿದ್ದ ನಮ್ಮ ಖಜಾಂಚಿಗಳು ಬ್ಯಾಂಕಿನಲ್ಲಿ ಅಕೌಂಟೆಂಟರಾಗಿ ನಿವೃತ್ತರಾದವರು, ಗದಗಿನ ಕಡೆಯವರು. ಕನ್ನಡಕ ಹಣೆಗೇರಿಸಿ ಒಂದು ನಿಮಿಷ ಸುಮ್ಮನಿದ್ದು ಕೇಳಿದರು: “ಅಲ್ಲಬೇ ತಂಗಿ, ಎಲ್ಲಾ ರೊಕ್ಕಾ ಒಬ್ಬಂಗೇ ಕೊಟ್ಟು ಉಳಿದವರಿಗೆ ಸೊನ್ನಿ ಹಾಕಿದ್ರೂ ಮೊತ್ತ ತಾಳೆ ಆಗ್ತದಲ್ಲ? ಅದಕ್ಕೂ ಇದು ಹೂಂ ಅಂತದೇನು?”

“ಹೌದು ಅಜ್ಜಾ, ಹೂಂ ಅನ್ನುತ್ತೆ” ಎಂದಳು ಮಗಳು. ಆ ಇಡೀ ಪ್ರಯತ್ನದಲ್ಲಿ ಅತ್ಯಂತ ಮುಖ್ಯವಾದ ಮಾತು ಅದೇ ಎಂದು ನನಗನ್ನಿಸುತ್ತದೆ. ಉಳಿಕೆಯನ್ನೆಲ್ಲ ಕೊನೆಯ ಹೆಸರಿಗೆ ಸೇರಿಸುವ ಲೆಕ್ಕದಲ್ಲಿ ಮೊತ್ತ ಯಾವಾಗಲೂ ತಾಳೆಯಾಗುತ್ತದೆ. ನಡುವೆ ಏನೇ ಅನ್ಯಾಯವಾದರೂ ಆಗುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ಖಜಾಂಚಿಗಳೇ ಕುಳಿತು ಮುಂದಿನ ಹೇಳಿಕೆಗಳನ್ನು ಹೇಳಿಕೊಟ್ಟರು. ಯಾರ ಪಾಲೂ ಸೊನ್ನೆಗಿಂತ ಕೆಳಗೆ ಹೋಗಕೂಡದು. ಕೊನೆಯವರಿಗೆ ಸೇರುವ ಉಳಿಕೆಯ ಪೈಸೆಗಳು ಮಕ್ಕಳ ಸಂಖ್ಯೆಗಿಂತ ಕಡಿಮೆ ಇರಬೇಕು. ಮಗಳು ಅವುಗಳ ಜೊತೆಗೆ, ಬದಿಗಿಟ್ಟಿದ್ದ ತಪಾಸಣೆಗಳನ್ನೂ ಸೇರಿಸಿದಳು. ಈ ಸಲ ಬಂದದ್ದು ‘ವೆರಿಫಿಕೇಶನ್ ಫೇಲ್ಡ್’. ಕೆಳಗೆ ಸಂಖ್ಯೆಗಳ ಪಟ್ಟಿ.

ಕಾರಣ ಹೀಗಿದೆ. ಆ ಪ್ರೋಗ್ರಾಮು ಸಂಖ್ಯೆಗಳನ್ನಿಡಲು ಬಳಸಿದ ಜಾಗದಲ್ಲಿ 32 ಬಿಟ್ಟುಗಳು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. ಸುಮಾರು 214 ಕೋಟಿ 75 ಲಕ್ಷ. 40 ಸಾವಿರ ರೂಪಾಯಿ ಎಂದರೆ 40 ಲಕ್ಷ ಪೈಸೆ. ಅದನ್ನು 100 ಅಂಕದಿಂದ ಗುಣಿಸಿದರೂ 40 ಕೋಟಿ. ಯಾವ ತೊಂದರೆಯೂ ಇಲ್ಲ. 3 ಲಕ್ಷ ರೂಪಾಯಿ ಎಂದರೆ 3 ಕೋಟಿ ಪೈಸೆ. 71 ಅಂಕದಿಂದ ಗುಣಿಸಿದರೆ 213 ಕೋಟಿ, ಹಿಡಿಯುತ್ತದೆ. 72ರಿಂದ ಗುಣಿಸಿದರೆ 216 ಕೋಟಿ, ತುಂಬಿ ಚೆಲ್ಲುತ್ತದೆ. ಸಾಮಾನ್ಯ ಯಂತ್ರಗಳಲ್ಲಿ ಹೀಗೆ ಚೆಲ್ಲಿದ ಸಂಖ್ಯೆ ಗಡಿಯಾರದ ಮುಳ್ಳಿನಂತೆ ಸುತ್ತು ಹೊಡೆದು ಋಣಸಂಖ್ಯೆಯಾಗಿ ಬಂದು ನಿಲ್ಲುತ್ತದೆ. ಅಂದರೆ 71 ಅಂಕ ಪಡೆದವನಿಗೆ ವಿದ್ಯಾರ್ಥಿವೇತನ. 72 ಪಡೆದವಳು ಸಂಘಕ್ಕೇ ಸಾಲಗಾರಳು! ಎಲ್ಲರ ಅಂಕಗಳ ಮೊತ್ತ 3,000 ಎಂದಿಟ್ಟುಕೊಂಡರೆ, 90 ಅಂಕದ ಹುಡುಗಿಗೆ 9,000 ರೂಪಾಯಿ ಸಿಗಬೇಕು. ಅವಳ ಹೆಸರಿನ ಮುಂದೆ ಬೀಳುವುದು ಋಣ 5,316 ರೂಪಾಯಿ 55 ಪೈಸೆ. ಈ ಋಣಗಳೆಲ್ಲ ಸೇರಿ ಕೊನೆಯ ಹೆಸರಿಗೆ ಧನವಾಗುತ್ತವೆ. ಅಡಿಯಲ್ಲಿ ಮೊತ್ತ ಮಾತ್ರ ಸರಿಯಾಗಿ 3 ಲಕ್ಷ.

ಋಣಚಿಹ್ನೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತಿತ್ತು ಎನ್ನಬಹುದು. ನಿಜ. ಆದರೆ ಮುಂದೆ ನಿಧಿ ಬೆಳೆದು ಮೊತ್ತ 5 ಲಕ್ಷವಾಯಿತೆನ್ನಿ. ಆಗ 95 ಅಂಕದವರ ಗುಣಲಬ್ಧ 475 ಕೋಟಿ. ಅದು ಪೂರ್ತಿ ಒಂದು ಸುತ್ತು ಮುಗಿಸಿ ಮತ್ತೆ ಧನಸಂಖ್ಯೆಯ ಕಡೆಗೇ ಬಂದು ನಿಲ್ಲುತ್ತದೆ. 15,833 ರೂಪಾಯಿ ಸಿಗಬೇಕಾದ ಮಗುವಿಗೆ 1,516 ರೂಪಾಯಿ 77 ಪೈಸೆ ಎಂದು ಗಂಭೀರವಾಗಿ ಅಚ್ಚಾಗುತ್ತದೆ. ಅದನ್ನು ನೋಡಿ ಯಾರೂ ಬೆಚ್ಚಿಬೀಳುವುದಿಲ್ಲ. ಮನೆಯವರು, ಈ ಸಲ ಅರ್ಜಿಗಳು ಹೆಚ್ಚಾಗಿರಬೇಕು ಎಂದುಕೊಂಡು ಸುಮ್ಮನಾಗುತ್ತಾರೆ.

ಈ ಬಗೆಯ ಅನಾಹುತ ದೊಡ್ಡವರ ಮನೆಯಲ್ಲೂ ಆಗಿದೆ. 1996ರ ಜೂನ್ 4ರಂದು ಯೂರೋಪಿನವರ ಏರಿಯಾನ್-5 ರಾಕೆಟ್ಟು ತನ್ನ ಮೊದಲ ಹಾರಾಟದಲ್ಲೇ, ಮೇಲೆದ್ದ ಸುಮಾರು 40 ಸೆಕೆಂಡುಗಳಲ್ಲಿ ಸಿಡಿದು ಚೂರಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ಪ್ರೋಗ್ರಾಮನ್ನೇ ಅದರಲ್ಲಿ ಹಾಕಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್ಟಿನ ಜಾಗಕ್ಕೆ ಅದಕ್ಕಿಂತ ದೊಡ್ಡ ಸಂಖ್ಯೆ ಬಂದಿತು. ಹಳೆಯ ಪ್ರೋಗ್ರಾಮು ಬರೆದವನು ತಪ್ಪು ಬರೆದಿರಲಿಲ್ಲ. ಅವನ ಕಾಲದ ರಾಕೆಟ್ಟಿಗೆ ಅದು ಸರಿಯಾಗಿಯೇ ಇತ್ತು. ನಮ್ಮ ಆ ಹಳೆಯ ವಿದ್ಯಾರ್ಥಿಯ ವಿಷಯದಲ್ಲೂ ನಾನು ಇದೇ ಮಾತು ಹೇಳುತ್ತೇನೆ. 40 ಸಾವಿರದ ಕಾಲದಲ್ಲಿ 40 ಸಾವಿರಕ್ಕೆ ತಕ್ಕುದನ್ನು ಅವನು ಬರೆದುಕೊಟ್ಟಿದ್ದ, ಅದೂ ಸಂಭಾವನೆಯಿಲ್ಲದೆ.

ತಿದ್ದುಪಡಿ ಚಿಕ್ಕದು: 32 ಬಿಟ್ಟಿನ ಜಾಗಕ್ಕೆ 64. ಮೊತ್ತ 10 ಲಕ್ಷದವರೆಗೆ ಏರಿದರೂ ತುಂಬಿ ಚೆಲ್ಲುವುದಿಲ್ಲವೆಂಬುದನ್ನು ನಲವತ್ತು ಮಕ್ಕಳ ಪಟ್ಟಿಗೂ ಯಂತ್ರ ಸಾಧಿಸಿಕೊಟ್ಟಿತು. ಆದರೆ ಉಳಿಕೆಯ ಪೈಸೆಯ ಹೇಳಿಕೆ ಅದಕ್ಕೆ ಕಠಿಣವಾಯಿತು. ಗುಣಾಕಾರ ಭಾಗಾಕಾರಗಳು ಬೆರೆತ ಲೆಕ್ಕ ಈ ಸಲಕರಣೆಗಳಿಗೆ ಬಹಳ ಭಾರ. ಇಬ್ಬರು ಮಕ್ಕಳಿಗೆ ಒಂದು ಊಟದ ಹೊತ್ತು ಹಿಡಿಯಿತು. ಮೂವರಿಗೆಂದು ರಾತ್ರಿ ಹಚ್ಚಿಟ್ಟು ಮಲಗಿದರೆ, ಬೆಳಿಗ್ಗೆ ಉತ್ತರವೇ ಇಲ್ಲ. 137 ಎಂಬ ಒಂದು ಅಂಕಿ ಮಾತ್ರ ಇತ್ತು. ಪೆಟ್ಟಿಗೆಗೆ ಗೊತ್ತುಮಾಡಿಕೊಟ್ಟಿದ್ದ ನೆನಪಿನ ಜಾಗ ಮುಗಿದುದರಿಂದ ಕರ್ನೆಲ್ ಅದನ್ನು ನಡುವೆಯೇ ಕೊಂದುಹಾಕಿತೆಂಬುದರ ಸಂಕೇತ ಅದು. ತಪ್ಪು ಸಿಕ್ಕಲಿಲ್ಲವೆಂದ ಮೇಲೆ ಸರಿಯೆಂದೇ ಲೆಕ್ಕವಲ್ಲವೆ ಎಂದು ಒಬ್ಬರು ಕೇಳಿದರು. ಅಲ್ಲ. ಮೇಜಿನ ಮೇಲೆ ಉಳಿದಿರುವ ಕಡತ ಮಂಜೂರಾದ ಕಡತವಲ್ಲ, ತಿರಸ್ಕೃತವಾದದ್ದೂ ಅಲ್ಲ. ತಾಳೆ ನೋಡುವವನಿಗೆ ಹೌದು, ಅಲ್ಲ ಎಂಬೆರಡರ ಜೊತೆಗೆ ‘ತೀರ್ಮಾನವಾಗಿಲ್ಲ’ ಎಂಬ ಮೂರನೆಯ ಉತ್ತರವೂ ಗೊತ್ತಿರಬೇಕು.

ಇಲ್ಲಿ ಬಿ.ಎಸ್ಸಿ.ಯ ಗಣಿತ ನನ್ನ ನೆರವಿಗೆ ಬಂತು. ಪ್ರತಿ ಮಗುವಿನ ನಿಜವಾದ ಪಾಲಿನಲ್ಲಿ ಪೂರ್ಣ ಪೈಸೆಗಳಿರುತ್ತವೆ, ಜೊತೆಗೆ ಒಂದು ಪೈಸೆಗಿಂತ ಕಡಿಮೆಯಾದ ಚೂರು ಇರುತ್ತದೆ. ನಿಜವಾದ ಪಾಲುಗಳ ಮೊತ್ತ ಹಂಚುವ ಹಣವೇ. ಪ್ರೋಗ್ರಾಮು ಬಿಟ್ಟುಹಾಕುವುದು ಚೂರುಗಳನ್ನು ಮಾತ್ರ. ಒಂದೊಂದು ಚೂರೂ ಒಂದು ಪೈಸೆಗಿಂತ ಕಡಿಮೆಯಾದ್ದರಿಂದ, ಎಷ್ಟು ಮಕ್ಕಳೋ ಅಷ್ಟು ಪೈಸೆಗಿಂತ ಉಳಿಕೆ ಕಡಿಮೆಯೇ. ನಲವತ್ತು ಮಕ್ಕಳಿದ್ದರೆ ಹೆಚ್ಚೆಂದರೆ 39 ಪೈಸೆ. ಕಾಗದದ ಮೇಲೆ ನಾಲ್ಕು ಸಾಲು. ಆದರೆ ಎಷ್ಟು ಮಕ್ಕಳಿಗಾದರೂ ಸಲ್ಲುತ್ತದೆ. ಕಾಗದದ ಗಣಿತಕ್ಕೆ 32 ಬಿಟ್ಟಿನ ಸಂಗತಿ ತಿಳಿಯದು. ಯಂತ್ರಕ್ಕೆ ನಲವತ್ತು ಮಕ್ಕಳ ಭಾಗಾಕಾರ ಹೊರಲಾಗದು. ಎರಡೂ ಕೂಡಿದ್ದರಿಂದ ಕೆಲಸ ಪೂರ್ತಿಯಾಯಿತು.

ಚೆಕ್‌ಗಳನ್ನು ಬರೆದು ಆದಮೇಲೆ ಸಮಿತಿಯ ಸಭೆಯಲ್ಲಿ ಇನ್ನೊಂದು ಮಾತು ಬಂತು. 92 ಅಂಕದ ಹುಡುಗನ ತಂದೆಗೆ ಸ್ವಂತ ಮನೆಯಿದೆ, ಸಂಪಾದನೆಯಿದೆ. 63 ಅಂಕದ ಹುಡುಗಿ ಬೆಳಿಗ್ಗೆ ತಾಯಿಯ ಜೊತೆ ನಾಲ್ಕು ಮನೆಗಳಿಗೆ ಚಪಾತಿ ಮಾಡಿಕೊಟ್ಟು ಕಾಲೇಜಿಗೆ ಹೋಗುತ್ತಾಳೆ. ಅಂಕದ ಪ್ರಮಾಣದಲ್ಲಿ ಹಂಚುವುದೇ ಸರಿಯೆ? ಒಬ್ಬ ಸದಸ್ಯರು, ಇದನ್ನೂ ಆ ಪೆಟ್ಟಿಗೆಯಲ್ಲಿ ಹಾಕಿ ಕೇಳಬಾರದೆ ಎಂದು ನಗೆಯಾಡಿದರು. ಕೇಳಬಹುದು, ನಾವು ಯಾವ ನಿಯಮ ಕೊಟ್ಟರೆ ಆ ನಿಯಮದಂತೆ ಲೆಕ್ಕ ನಡೆದಿದೆಯೆ ಎಂದು ಅದು ಹೇಳೀತು. ನಿಯಮವನ್ನು ನಾವೇ ಕುಳಿತು ಮಾಡಬೇಕು. ಮುಂದಿನ ವರ್ಷದಿಂದ ನಿಧಿಯ ಒಂದು ಭಾಗವನ್ನು ಮನೆಯ ಪರಿಸ್ಥಿತಿ ನೋಡಿ ಕೊಡಬೇಕೆಂಬ ಸೂಚನೆ ವಾರ್ಷಿಕ ಮಹಾಸಭೆಯ ಮುಂದೆ ಬರಲಿದೆ. ಸದಸ್ಯರು ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕು.

ತಿದ್ದಿದ ಪ್ರೋಗ್ರಾಮು, ಸಾಧಿಸಿದ ಹೇಳಿಕೆಗಳ ಕನ್ನಡ ಪಟ್ಟಿ, ಪೆಟ್ಟಿಗೆಯ 64 ಅಕ್ಷರಾಂಕಗಳ ಗುರುತು, ಕಾಗದದ ಮೇಲಿನ ಸಾಧನೆ, ಈ ನಾಲ್ಕನ್ನೂ ಸಂಘದ ಕಪಾಟಿನಲ್ಲಿ ಒಂದೇ ಕಡತದಲ್ಲಿ ಇಟ್ಟಿದ್ದೇವೆ. ಹಂಚುವ ಮೊತ್ತ 10 ಲಕ್ಷ ದಾಟಿದ ವರ್ಷ ಇವನ್ನು ಮತ್ತೆ ತೆಗೆದು ನೋಡಬೇಕೆಂದು ಖಜಾಂಚಿಗಳು ಕೆಂಪು ಶಾಯಿಯಲ್ಲಿ ಮೇಲೆ ಬರೆದಿದ್ದಾರೆ.